ದೇವರು ಹೆಗಡೆ ಖಾಲಿ ಬಿಟ್ಟ ಐದು ಚೌಕ

ಶಿರಸಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತಿದ್ದ ದೇವರು ಹೆಗಡೆಯವರು ತಮ್ಮ ಸೇವಾವಧಿಯಲ್ಲಿ ಒಮ್ಮೆಯೂ ಪೆನ್ಸಿಲ್ ಮುಟ್ಟಿದವರಲ್ಲ. ಪದಬಂಧವನ್ನು ಪೆನ್ಸಿಲ್‌ನಲ್ಲಿ ತುಂಬುವವರನ್ನು ಕಂಡರೆ ಅವರಿಗೆ, ಹೆಲ್ಮೆಟ್ ಹಾಕಿಕೊಂಡು ಕಾಲ್ನಡಿಗೆಯಲ್ಲಿ ಹೋಗುವವರನ್ನು ಕಂಡಷ್ಟೇ ಮರುಕ. ನೀಲಿ ಶಾಯಿಯ ಪೆನ್ನು, ನಾಲ್ಕಾಗಿ ಮಡಚಿದ ಪತ್ರಿಕೆ, ಪಕ್ಕದಲ್ಲಿ ಎಲೆಯಡಿಕೆಯ ಕವಳದ ಸಂಚಿ. ಇಷ್ಟು ಶಸ್ತ್ರಾಸ್ತ್ರಗಳೊಂದಿಗೆ ಅವರು ದಿನಾ ಬೆಳಿಗ್ಗೆ ರಣರಂಗಕ್ಕೆ ಇಳಿಯುತ್ತಿದ್ದರು. ಮಧ್ಯೆ ಮಧ್ಯೆ ಬಸ್ಸುಗಳೂ ಬಂದುಹೋಗುತ್ತಿದ್ದವು.

"ಹುಲೇಕಲ್ ಬಸ್ ಎಷ್ಟೊತ್ತಿಗ್ರೀ?" ಎಂದು ಯಾರಾದರೂ ಕಿಟಕಿಯಲ್ಲಿ ಮುಖ ತೂರಿಸಿದರೆ, "ಹತ್ತೂ ನಲವತ್ತು. ಅದಿರಲಿ, ನೀರಲ್ಲೇ ಹುಟ್ಟಿ ನೀರಿಗೇ ಹೆದರೋದು, ಎರಡಕ್ಷರ, ಹೇಳಿ ನೋಡನ?" ಎನ್ನುವರು. ಉಪ್ಪು ಎಂದು ಹೇಳಿದವರಿಗೆ ಬಸ್ಸು ನಿಲ್ಲುವ ಜಾಗದವರೆಗೂ ಬೆರಳು ಚಾಚಿ ದಾರಿ ತೋರಿಸುತ್ತಿದ್ದರು. ಹೇಳಲಾಗದೆ ತಲೆ ಕೆರೆಯುತ್ತ ನಿಂತ ಹೆಗಡೆಕಟ್ಟಾದ ಒಬ್ಬ ಗೃಹಸ್ಥರು ಬಸ್ಸು ತಪ್ಪಿಸಿಕೊಂಡು, ಮುಂದಿನ ಬಸ್ಸಿನವರೆಗೆ ಅಲ್ಲೇ ಕೂತು ಉಳಿದ ಹನ್ನೆರಡು ಸುಳಿವುಗಳನ್ನು ಕೇಳಿಸಿಕೊಂಡದ್ದೂ ಉಂಟು.

ನಿವೃತ್ತಿಯ ನಂತರ ಹೆಗಡೆಯವರು ಸಿದ್ದಾಪುರ ತಾಲೂಕಿನ ತಮ್ಮ ಊರು ಹೊನ್ನೆಮಕ್ಕಿಗೆ ಬಂದರು. ಅಲ್ಲಿ ಅವರಿಗೆ ಕಿಟಕಿ ಇರಲಿಲ್ಲ, ಆದರೆ ಹಾಲಿನ ಡೈರಿಯ ಜಗಲಿ ಇತ್ತು. ಭಾನುವಾರ ಬೆಳಿಗ್ಗೆ ಹಾಲು ಹಾಕಲು ಬಂದವರೆಲ್ಲ ಕ್ಯಾನು ಕೆಳಗಿಟ್ಟು, ಹೆಗಡೆಯವರು ಪದಬಂಧ ಬಿಡಿಸುವುದನ್ನು ನೋಡುವುದು ಒಂದು ಪದ್ಧತಿಯೇ ಆಗಿಹೋಯಿತು. ಬಿಡಿಸುವುದಕ್ಕೆ ಕಾಲು ಗಂಟೆ, ಅರ್ಥ ಹೇಳುವುದಕ್ಕೆ ಒಂದು ಗಂಟೆ. ಉತ್ತರ ಬರೆದಮೇಲೆ ಆ ಸುಳಿವು ಹೇಗೆ ದಾರಿ ತಪ್ಪಿಸಲು ನೋಡಿತು, ತಾವು ಹೇಗೆ ತಪ್ಪಲಿಲ್ಲ ಎಂಬುದನ್ನು ಅವರು ಕೈ ತಿರುಗಿಸಿ ವಿವರಿಸುವಾಗ, ಡೈರಿಯ ಕಾರ್ಯದರ್ಶಿ ಗಿರೀಶ ಹಾಲು ಅಳೆಯುವುದನ್ನು ಮರೆಯುತ್ತಿದ್ದ.

ಇಂಥ ಧೀರರು ಲೋಕದಲ್ಲಿ ಹೆದರುತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬರು ಹೆಂಡತಿ ಪರಿಮಳಾ. ಇನ್ನೊಬ್ಬ ಹನುಮಂತ ದೇವರು. ಈ ಕಥೆಯಲ್ಲಿ ಅವರು ಇಬ್ಬರ ಕೈಗೂ ಒಟ್ಟಿಗೇ ಸಿಕ್ಕಿಬಿದ್ದರು.

ಜನವರಿ ಕೊನೆ. ತಾಲೂಕಿನಲ್ಲಿ, ಉಣುಗೆಂಬ ಸಣ್ಣ ಹುಳ ಕಚ್ಚಿ ಹರಡುವ ಮಂಗನ ಕಾಯಿಲೆಯ ಸುದ್ದಿ ಆಗಲೇ ಎದ್ದಿತ್ತು. ಆಶಾ ಕಾರ್ಯಕರ್ತೆ ಚೇತನಾ ಮನೆಮನೆಗೆ ಬಂದು, ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಿ ಎಂದು ಆರೋಗ್ಯ ಇಲಾಖೆಯ ಎಣ್ಣೆಯ ಬಾಟಲಿ ಕೊಟ್ಟುಹೋಗಿದ್ದಳು. ಹೆಗಡೆಯವರು ಮುಚ್ಚಳ ತೆಗೆದು ಮೂಸಿ, ಮುಖ ಕಿವುಚಿ, ಬಾಟಲಿಯನ್ನು ಬಚ್ಚಲಿನ ಗೂಡಿನಲ್ಲಿ ಇಟ್ಟುಬಿಟ್ಟರು.

"ಈ ಸಲ ಬೆಟ್ಟಕ್ಕೆ ಹೋಗಡಿ," ಎಂದು ತಡೆದಿದ್ದರು ಪರಿಮಳಾ. "ಉಣುಗಿನ ಕಾಲ. ನಾಕು ದಿನ ದರಕು ಹಾಸದೇ ಇದ್ರೆ ಆಕಳು ಎಂತ ಡೈವೋರ್ಸ್ ಕೊಡ್ತಿಲ್ಲೆ."

"ಆನು ಮೂವತ್ತೊಂದು ವರ್ಷ ಬಸ್ ಸ್ಟ್ಯಾಂಡಲ್ಲಿ ಕೂತವ. ಒಂದು ಉಣುಗು ಯಂಗೆ ಎಂತ ಮಾಡ್ತು?"

ಬುಧವಾರ ಪರಿಮಳಾ ಸಿದ್ದಾಪುರದ ಸಂತೆಗೆ ಹೋದದ್ದೇ ತಡ, ಹೆಗಡೆಯವರು ಕೆಲಸಕ್ಕೆ ಬರುವ ಕೆರಿಯಪ್ಪನನ್ನು ಕರೆದುಕೊಂಡು, ಕೊಟ್ಟಿಗೆಗೆ ಹಾಸುವ ದರಕು, ಎಂದರೆ ಒಣ ಎಲೆ, ಒಟ್ಟಲು ಬೆಟ್ಟ ಹತ್ತಿದರು. ಹಳ್ಳದ ಮೇಲೆ, ಮತ್ತಿಮರದ ಬುಡದಲ್ಲಿ ಒಂದು ಮಂಗ ಮಗ್ಗುಲಾಗಿ ಬಿದ್ದಿತ್ತು. ಗಾಯವಿಲ್ಲ, ರಕ್ತವಿಲ್ಲ. ಮಲಗಿದ ಹಾಗೇ ಇತ್ತು. ಒಂದು ಕೈ ಮಾತ್ರ ಏನನ್ನೋ ಕೇಳುವಂತೆ ಮುಂದೆ ಚಾಚಿಕೊಂಡಿತ್ತು.

ಕೆರಿಯಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದ. "ಹೆಗಡೇರೆ, ಮಂಗ ಸತ್ತದ್ದು ಕಂಡ್ರೆ ಮುಟ್ಟಬೇಡಿ, ಫೋನ್ ಮಾಡಿ ಅಂದಿತ್ತಲ್ರಾ ಆ ಚೇತನಮ್ಮ."

"ಫೋನ್ ಮಾಡಿದ್ರೆ ಬಂದು ಕೊಯ್ದು ನೋಡ್ತಾರೆ ಮಾರಾಯ. ಹನುಮಂತನ ಹೊಟ್ಟೆ ಕೊಯ್ಯೋದಕ್ಕೆ ನಾನೇ ಕರೆದ ಹಾಗೆ ಆಗೋದಿಲ್ವಾ? ನನ್ನ ತಾಯಿ ಏನಂತ ಹೇಳಿ ಬೆಳೆಸಿದ್ದು ನನ್ನ?"

ಅವರ ತಾಯಿ ಹೇಳಿ ಬೆಳೆಸಿದ್ದು, ಆ ಕಡೆಯ ಎಷ್ಟೋ ತಾಯಂದಿರು ಹೇಳಿ ಬೆಳೆಸಿದ್ದನ್ನೇ. ಮಂಗ ಸತ್ತದ್ದು ಕಣ್ಣಿಗೆ ಬಿದ್ದರೆ ಹಾಗೇ ಬಿಟ್ಟುಬರಬಾರದು, ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡಬೇಕು. ಹೆಗಡೆಯವರು ಮನೆಗೆ ಓಡಿ ಹೊಸ ಪಂಚೆ, ತುಳಸಿ, ಒಂದು ಕಾಯಿ, ತಾಮ್ರದ ತಂಬಿಗೆ ತಂದರು. ಹಳ್ಳದ ನೀರು ಹೊಯ್ದು, ತಮ್ಮ ಬರಿಗೈಯಲ್ಲೇ ಅದರ ಮೈ ತೊಳೆದರು. ಪಂಚೆ ಸುತ್ತಿದರು. ಚಾಚಿದ ಕೈಯನ್ನು ಮಡಚಿ ಎದೆಯ ಮೇಲಿಡಲು ಪಟ್ಟ ಕಷ್ಟವಂತೂ ಅಷ್ಟಿಷ್ಟಲ್ಲ. ಕೆರಿಯಪ್ಪ ದೂರ ನಿಂತು ಗುಂಡಿ ತೋಡಿ ಕೊಟ್ಟ, ಆದರೆ ಹತ್ತಿರ ಬರಲಿಲ್ಲ. ಅವನ ಮೈಯಿಂದ ಆ ಎಣ್ಣೆಯ ವಾಸನೆ ಗಾಳಿಗೆ ಬರುತ್ತಿತ್ತು.

"ನಾಯಿ ನೆಂದ ಹಾಂಗೆ ನಾರ್ತಾ ಇದ್ದೀಯಲ್ಲೋ," ಎಂದರು ಹೆಗಡೆಯವರು, ಮಂಗನ ತಲೆ ಒರೆಸುತ್ತ.

"ನಾರಿದ್ರೆ ನಾರ್ಲಿ ಬಿಡ್ರಾ," ಎಂದ ಕೆರಿಯಪ್ಪ.

ಮಣ್ಣು ಮುಚ್ಚಿ, ಕಾಯಿ ಒಡೆದು, ಕೈಮುಗಿದು ಇಳಿಯುವಾಗ ಹೆಗಡೆಯವರು ಒಂದೇ ಮಾತು ಹೇಳಿದರು: "ಯಾರಿಗೂ ಬಾಯಿ ಬಿಡಬೇಡ. ನಮ್ಮನೆಯವಳಿಗಂತೂ ಬೇಡವೇ ಬೇಡ."

ಮಾಡಿದ ಪುಣ್ಯಕ್ಕೆ ನಾಲ್ಕು ರಾತ್ರಿ ಅವರಿಗೆ ಒಳ್ಳೆಯ ನಿದ್ದೆ ಬಂತು. ಭಾನುವಾರ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋದರೆ, ಜಗಲಿಯ ಗೋಡೆಗೆ ಬಾಗಿಲಿನಷ್ಟು ದೊಡ್ಡ ಹಾಳೆ ಅಂಟಿಸಿತ್ತು. ಮೇಲೆ ಕೆಂಪು ಅಕ್ಷರದಲ್ಲಿ 'ಮಂಗನ ಕಾಯಿಲೆ ಪದಬಂಧ'. ಪಕ್ಕದಲ್ಲಿ ಚೇತನಾ, ಕೈಯಲ್ಲಿ ಸ್ಕೆಚ್ ಪೆನ್ನು.

"ಭಾಷಣ ಮಾಡಿದ್ರೆ ಯಾರೂ ಕೇಳೋದಿಲ್ಲ ಹೆಗಡೇರೆ. ನಿಮ್ಮ ಪದಬಂಧವಾದ್ರೆ ಕ್ಯಾನು ಇಳಿಸಿ ಕೇಳ್ತಾರೆ. ನಾಲ್ಕು ದಿನ ಕೂತು ನಾನೇ ಮಾಡಿದ್ದು. ನೀವೇ ಬಿಡಿಸಿ, ನೀವೇ ಅರ್ಥ ಹೇಳಬೇಕು."

ಮೂವತ್ತು ಜನ ಸೇರಿದ್ದರು. ಪರಿಮಳಾ ಹೆಂಗಸರ ಸಾಲಿನಲ್ಲಿ ಎದುರಿಗೇ ಕೂತಿದ್ದರು. ಕೆರಿಯಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಹೆಗಡೆಯವರು ಹಾಳೆಯ ಮುಂದೆ ಎದೆಯುಬ್ಬಿಸಿ ನಿಂತು, ಮೊದಲ ಸುಳಿವನ್ನು ಗಟ್ಟಿಯಾಗಿ ಓದಿದರು.

"ಒಂದು, ಎಡದಿಂದ ಬಲಕ್ಕೆ. ಕಾಡಿನ ಕಸ, ಕೊಟ್ಟಿಗೆಯ ಹಾಸಿಗೆ. ಮೂರಕ್ಷರ. ಇದೆಂತಾ ಸುಳಿವು ತಂಗೀ, ಹಾಲು ಕುಡಿಯೋ ಮಕ್ಕಳೂ ಹೇಳ್ತಾರೆ. ದರಕು!" ಬರೆದರು. "ಕಾಡಿಗೆ ಕಸ, ಯಾಕೆಂದ್ರೆ ಉದುರಿದ್ದು. ಕೊಟ್ಟಿಗೆಗೆ ಹಾಸಿಗೆ, ಯಾಕೆಂದ್ರೆ ಆಕಳು ಮಲಗೋದು ಅದರ ಮೇಲೆ. ಇಲ್ಲಿಗೆ ಪ್ರಥಮ ದಿಗ್ವಿಜಯ."

ಜನ ನಕ್ಕರು. ಚೇತನಾ ನಗಲಿಲ್ಲ. "ಈ ಕಾಯಿಲೆ ಬಂದವರಲ್ಲಿ ಎಷ್ಟೋ ಜನ ದರಕು ಒಟ್ಟಲಿಕ್ಕೆ ಹೋದವರೇ," ಎಂದಳು.

"ಎರಡು, ಮೇಲಿನಿಂದ ಕೆಳಗೆ. ಎಂಟು ಕಾಲು, ಜೇಡವಲ್ಲ. ರಕ್ತ ಕುಡಿಯುತ್ತದೆ, ರಕ್ಕಸನಲ್ಲ. ಉಣುಗು." ಹೆಗಡೆಯವರ ಧ್ವನಿ ಕೊಂಚ ಇಳಿಯಿತು. ಅರ್ಥ ಹೇಳಲು ಬಾಯಿ ತೆರೆದರೆ, ಈ ಸಲ ಚೇತನಾ ಮೊದಲೇ ಹೇಳಿದಳು: "ಮಂಗ ಸತ್ತು ಮೈ ತಣ್ಣಗಾದ ಕೂಡ್ಲೆ ಅದರ ಮೈಮೇಲಿದ್ದ ಉಣುಗೆಲ್ಲ ಇಳಿದು ಬೇರೆ ಮೈ ಹುಡುಕ್ತವೆ. ಮರಿ ಉಣುಗು ಎಳ್ಳಿಗಿಂತ ಸಣ್ಣದು. ಕಚ್ಚಿದ್ದೂ ಗೊತ್ತಾಗೋದಿಲ್ಲ."

ಹೆಗಡೆಯವರು ತಮ್ಮ ಎರಡೂ ಕೈ ನೋಡಿಕೊಂಡರು. ಬುಧವಾರ ತಣ್ಣಗಾಗಿದ್ದ ಮೈಯನ್ನು ತೊಳೆದಿದ್ದ ಕೈಗಳು ಅವು. ಎಡ ಮೊಣಕೈಯ ಹಿಂದೆ ಏನೋ ಹರಿದಾಡಿದಂತಾಯಿತು. ಕೆರೆದುಕೊಂಡರು. ಬಲ ತೊಡೆಯಲ್ಲಿ ಹರಿದಂತಾಯಿತು. ಅಲ್ಲಿ ಸಭೆಯ ಮುಂದೆ ಕೆರೆದುಕೊಳ್ಳುವಂತಿರಲಿಲ್ಲ.

"ಮೂರು. ಕಾಡಿಗೆ ಹೋಗುವ ಮುಂಚೆ ಬೇಕು, ದೀಪಕ್ಕಲ್ಲ, ಒಗ್ಗರಣೆಗಲ್ಲ. ಎಣ್ಣೆ."

"ಅರ್ಥ ಹೇಳಿ ಹೆಗಡೇರೆ!" ಎಂದ ಗಿರೀಶ.

"ಅರ್ಥ... ಹಚ್ಚಬೇಕು. ಅಷ್ಟೇ."

ಒಂದು ಸುಳಿವಿಗೆ ಹೆಗಡೆಯವರು ಎರಡೇ ಪದದಲ್ಲಿ ಅರ್ಥ ಹೇಳಿದ್ದು ಹೊನ್ನೆಮಕ್ಕಿಯ ಚರಿತ್ರೆಯಲ್ಲೇ ಮೊದಲು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಂದಿನ ಸುಳಿವುಗಳು ಒಂದೊಂದಾಗಿ ಬಂದು ಅವರನ್ನು ಹೊಡೆದವು. 'ಬಿಟ್ಟುಬಿಡದೆ ಕಾಡುವ ಮೊದಲ ಲಕ್ಷಣ, ನಾಲ್ಕಕ್ಷರ' ಎಂಬುದಕ್ಕೆ ತಲೆನೋವು ಎಂದು ಬರೆಯುವಷ್ಟರಲ್ಲಿ, ಬೆಳಿಗ್ಗೆಯಿಂದ ತಮ್ಮ ಹಣೆ ಸಿಡಿಯುತ್ತಿರುವುದು ನೆನಪಾಯಿತು. 'ಸಿಟ್ಟಿಲ್ಲದೆಯೂ ಬರುತ್ತದೆ, ಮೂರಕ್ಷರ' ಎಂಬುದಕ್ಕೆ ಕೆಂಗಣ್ಣು ಎಂದು ಬರೆದು, ಹಾಲಿನ ಕ್ಯಾನಿನ ಹೊಳೆಯುವ ಹೊಟ್ಟೆಯಲ್ಲಿ ತಮ್ಮ ಕಣ್ಣನ್ನು ಇಣುಕಿದರು. ಕ್ಯಾನಿನಲ್ಲಿ ಯಾರ ಕಣ್ಣೂ ನೆಟ್ಟಗೆ ಕಾಣದು. ಅವರಿಗಂತೂ ಎರಡು ದಾಸವಾಳ ಕಂಡವು. 'ಉಣುಗು ಕಚ್ಚಿದ ಮೇಲೆ ಜ್ವರ ಬರಲು ಹೆಚ್ಚೆಂದರೆ ಇಷ್ಟು ದಿನ, ಎರಡಕ್ಷರ' ಎಂದಿತ್ತು. ಎಂಟು ಎಂದು ಬರೆದ ಕೈಯೇ ಬೆನ್ನ ಹಿಂದೆ ಬೆರಳು ಮಡಚತೊಡಗಿತು. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ಅರ್ಧ ಆಗಿಹೋಗಿತ್ತು, ಇನ್ನರ್ಧ ಬಾಯಿ ತೆರೆದುಕೊಂಡು ಕಾಯುತ್ತಿತ್ತು. 'ಮೈ ಸುಡುತ್ತದೆ, ಬೆಂಕಿಯಲ್ಲ, ಎರಡಕ್ಷರ' ಎಂಬಲ್ಲಿ ಜ್ವರ ಎಂದು ಬರೆಯುವಾಗ ಶಾಯಿ ಚೌಕದ ಗೆರೆ ದಾಟಿತು.

ಕೊನೆಗೆ ಒಂದೇ ಉಳಿಯಿತು. ಐದು ಚೌಕ, ಮೇಲಿನಿಂದ ಕೆಳಗೆ. ಕೊನೆಯ ಚೌಕದಲ್ಲಿ ಜ್ವರದ 'ರ' ಆಗಲೇ ಬಂದು ಕೂತಿತ್ತು. ಹೆಗಡೆಯವರು ಮನಸ್ಸಿನಲ್ಲೇ ಓದಿಕೊಂಡರು.

"ಗಟ್ಟಿಯಾಗಿ ಓದ್ರೋ!" ಎಂದಿತು ಸಭೆ.

"ಹನ್ನೊಂದು. ಮಂಗ ಸತ್ತಲ್ಲಿ ನಮ್ಮೂರವರು ಭಕ್ತಿಯಿಂದ ಮಾಡುವ ತಪ್ಪು."

ಉತ್ತರ ಅವರಿಗೆ ಕಣ್ಣು ಹಾಯಿಸಿದಾಗಲೇ ಹೊಳೆದಿತ್ತು. ಆದರೆ ಕೈ ಏಳಲಿಲ್ಲ. ಆ ಐದು ಚೌಕ ಐದು ಬಾವಿಗಳಂತೆ ಕಂಡವು. ಕೆರಿಯಪ್ಪ ಕಂಬದ ಹತ್ತಿರ ನೆಲ ನೋಡುತ್ತಿದ್ದ.

"ಇದು... ಇದು ಸುಳಿವೇ ಸರಿ ಇಲ್ಲ," ಎಂದರು ಹೆಗಡೆಯವರು. "ಇದನ್ನ ಬಿಟ್ಟುಬಿಡನ."

"ಬಿಡೋದಾ?" ಗಿರೀಶ ಎದ್ದೇ ನಿಂತ. "ನೀವು? ಚೌಕ ಖಾಲಿ ಬಿಡೋದಾ? ಹುಷಾರಿದ್ದೀರಾ ಹೆಗಡೇರೆ?"

ಹುಷಾರಿದ್ದೀರಾ ಎಂಬ ಪ್ರಶ್ನೆಗೆ ಅವರು ಮತ್ತೊಮ್ಮೆ ಕ್ಯಾನಿನಲ್ಲಿ ಕಣ್ಣು ನೋಡಿಕೊಂಡರು. ಬಿಡಬಹುದಿತ್ತು. ಕ್ಯಾನು ಎತ್ತಿಕೊಂಡು ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಇನ್ನು ನಾಲ್ಕು ದಿನ ಬೆರಳು ಮಡಚುತ್ತ ಕೂರಬಹುದಿತ್ತು. ಆಗಲೇ ಪರಿಮಳಾ ಚೇತನಾಳನ್ನು ಕೇಳಿದರು.

"ಅಲ್ದೇ ಚೇತನಾ, ಎಷ್ಟು ದಿನ ಹೇಳಿ ದರಕು ಹಾಸದೇ ಇಪ್ಪದು? ನಾಳೆ ನಂಗ ಐದು ಜನ ದರಕಿಗೆ ಹೋಪದು ಹೇಳಿ ಮಾಡಿದ್ಯ. ನಮ್ಮನೆ ಬೆಟ್ಟದಲ್ಲಿ, ಹಳ್ಳದ ಮೇಲೆ ದರಕು ರಾಶಿ ಬಿದ್ದಿದ್ದಡ. ಎಣ್ಣೆ ಹಚ್ಚಿಗ್ಯಂಡು ಹೋದ್ರೆ ಸಾಕಲ್ದಾ?"

"ಎಣ್ಣೆ ಹಚ್ಚಿದ್ರೂ ಭಯ ಪೂರ್ತಿ ಹೋಗೋದಿಲ್ಲ ಅಕ್ಕಾ. ಆದಷ್ಟು ಹೋಗದೇ ಇರೋದೇ ಒಳ್ಳೇದು. ಅದರಲ್ಲೂ ಮಂಗ ಸತ್ತ ಜಾಗ ಆದ್ರೆ, ಸುತ್ತ ಐವತ್ತು ಅಡಿ ಕಾಲಿಡೋ ಹಾಗೇ ಇಲ್ಲ, ಮದ್ದಿನ ಪುಡಿ ಹಾಕೋವರೆಗೆ. ನಿಮ್ಮ ಬೆಟ್ಟದಲ್ಲಿ ಹಾಂಗೇನೂ ಕಂಡಿಲ್ವಲ್ಲ?"

"ಇಲ್ಲೆ, ಇಲ್ಲೆ. ಕಂಡಿದ್ರೆ ಇವು ಹೇಳ್ತಿದ್ದ."

ಇವು ಎಂದರೆ ಹಾಳೆಯ ಮುಂದೆ ನಿಂತವರು. ಹೆಗಡೆಯವರು ಹೆಂಗಸರ ಸಾಲನ್ನು ಒಮ್ಮೆ ನೋಡಿದರು. ಐದು ಜನ ಯಾರು ಯಾರೆಂದು ಅವರಿಗೆ ಗೊತ್ತಿತ್ತು. ಒಬ್ಬಳ ಮದುವೆಗೆ ಇನ್ನೂ ವರ್ಷ ತುಂಬಿರಲಿಲ್ಲ. ಅವರು ಹಾಳೆಯ ಕಡೆ ತಿರುಗಿ, ಮೇಲಿನಿಂದ ಕೆಳಗೆ ಬರೆದರು. ಅಂತ್ಯಸಂಸ್ಕಾರ.

"ಅರ್ಥ ಹೇಳಿ ಹೆಗಡೇರೆ!"

ಅರ್ಥ ಹೇಳಿದರು. ಹೊಸ ಪಂಚೆಯಿಂದ ಶುರುಮಾಡಿ ಕಾಯಿಯವರೆಗೆ, ಮತ್ತಿಮರದ ಬುಡದಿಂದ ತಾಮ್ರದ ತಂಬಿಗೆಯವರೆಗೆ, ಒಂದೂ ಬಿಡದೆ. ಬಸ್ಸು ಹೊರಡುವ ಹೊತ್ತನ್ನು ಕೂಗುವವರಂತೆ ಎತ್ತರದ ಧ್ವನಿಯಲ್ಲಿ ಹೇಳಿದರು, ಸಣ್ಣಗೆ ಹೇಳಲು ಹೋದರೆ ಅಳು ಬರುತ್ತಿತ್ತು. ಹತ್ತಿರ ಕೂತಿದ್ದ ನಾಲ್ವರು ತಮಗರಿವಿಲ್ಲದೆ ಒಂದಡಿ ಹಿಂದೆ ಸರಿದರು.

"ಇದು ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ, ಕೂತ್ಕಳಿ ಎಲ್ಲ!" ಎಂದು ಚೇತನಾ ಗದರಿದಳು. ಮತ್ತೆ ಹೆಗಡೆಯವರ ಕಡೆ ತಿರುಗಿ, "ಬೈಯೋಕೆ ಈಗ ಪುರಸೊತ್ತಿಲ್ಲ," ಎಂದು ಫೋನ್ ಕಿವಿಗಿಟ್ಟಳು.

ಬೈಯಲು ಪುರಸೊತ್ತಿದ್ದವರು ಪರಿಮಳಾ. ಆದರೆ ಅವರು ಎದ್ದು ಬಂದು, ಎಲ್ಲರೆದುರೇ ಗಂಡನ ಅಂಗಿಯ ಕೈ ಮೇಲಕ್ಕೆ ಸರಿಸಿ, ಕಂಕುಳವರೆಗೆ ಬೆರಳಾಡಿಸಿ ನೋಡಿದರು. ಏನೂ ಆಡಲಿಲ್ಲ. ಆಕೆ ಏನೂ ಆಡದಿದ್ದದ್ದು ನೋಡಿ ಹೆಗಡೆಯವರಿಗೆ ಇದ್ದ ಧೈರ್ಯವೂ ಹೋಯಿತು.

"ಬಯ್ಯೇ," ಎಂದರು ಮೆಲ್ಲಗೆ.

"ಎಂಟು ದಿನ ಆಗ್ಲಿ, ಆಮೇಲೆ ಬಯ್ತೆ."

ಮಧ್ಯಾಹ್ನದ ಹೊತ್ತಿಗೆ ಗಂಬೂಟು ಹಾಕಿದ ಇಲಾಖೆಯ ನಾಲ್ಕು ಜನ ಜೀಪಿನಲ್ಲಿ ಬಂದರು. ಕೆರಿಯಪ್ಪ ಜಾಗ ತೋರಿಸಲು ಹೋದ. ಹೆಗಡೆಯವರನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಅವರು ಒಳಕೋಣೆಯಲ್ಲಿ ಕೂತು ಬೆಟ್ಟದ ಕಡೆಗೆ ಕಿವಿಯಿಟ್ಟರು. ಮೇಲೆ ಏನು ಮಾಡಿದರೆಂದು ಯಾರನ್ನೂ ಕೇಳುವ ಧೈರ್ಯ ಬರಲಿಲ್ಲ. ಐವರು ಹೆಂಗಸರು ಮರುದಿನ ಬೆಟ್ಟಕ್ಕೆ ಹೋಗಲಿಲ್ಲ.

ಸೋಮವಾರವಿಡೀ ಹೆಗಡೆಯವರ ಬದುಕು ಥರ್ಮಾಮೀಟರಿನ ತುದಿಯಲ್ಲಿ ನಿಂತಿತು. ಚೇತನಾ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಬಂದಳು. ನಡುವೆ ಹೆಗಡೆಯವರೇ ಹನ್ನೊಂದು ಸಲ ನೋಡಿಕೊಂಡರು. ಕನ್ನಡಿಯ ಮುಂದೆ ನಿಂತು ಬೆನ್ನು ತಿರುಗಿಸಿ, ಕಾಳುಮೆಣಸಿನಷ್ಟು ದೊಡ್ಡ ಮಚ್ಚೆಯೊಂದನ್ನು ಉಣುಗೆಂದು ಕೂಗಿ, ಅದು ಮದುವೆಯ ದಿನದಿಂದ ಅಲ್ಲೇ ಇದೆ ಎಂದು ಹೆಂಡತಿಯಿಂದ ತಿಳಿದುಕೊಂಡರು. ಬೆನ್ನ ಮೇಲೆ ತಮಗೊಂದು ಮಚ್ಚೆಯಿದೆ ಎಂಬ ಸಂಗತಿ ಅರವತ್ತೆರಡು ವರ್ಷಗಳ ನಂತರ ಹೀಗೆ ಬೆಳಕಿಗೆ ಬಂತು.

ಮಂಗಳವಾರ ಹನ್ನೊಂದು ಗಂಟೆಗೆ ಚಳಿ ಬಂತು. ಸುಳ್ಳು ಚಳಿಯಲ್ಲ. ಎರಡು ಕಂಬಳಿ ಹೊದಿಸಿದರೂ ಮಂಚ ಅಲುಗುತ್ತಿತ್ತು. ಥರ್ಮಾಮೀಟರು ನೂರಾ ಎರಡು ತೋರಿಸಿತು. ಇಷ್ಟು ದಿನ ಇಲ್ಲದ ಜ್ವರವನ್ನು ಮೈತುಂಬ ಹುಡುಕಿದ ಮನುಷ್ಯ, ನಿಜವಾದ ಜ್ವರ ಬಂದಾಗ ಗೋಡೆ ಕಡೆ ತಿರುಗಿ ಮಲಗಿ, "ಇದು ಬರೀ ಥಂಡಿ" ಎಂದರು. ಪರಿಮಳಾ ಆ ಮಾತಿಗೆ ಕಿವಿಗೊಡದೆ ಚೇತನಾಳಿಗೆ ಫೋನ್ ಮಾಡಿದರು. ಒಂದು ಗಂಟೆಯೊಳಗೆ ಸಿದ್ದಾಪುರದಲ್ಲಿ ರಕ್ತ ತೆಗೆದರು. ಸಂಜೆಯ ಹೊತ್ತಿಗೆ, ವರದಿಗೆ ಕಾಯದೆ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಆಂಬ್ಯುಲೆನ್ಸ್ ಹೊರಟಿತ್ತು. ಎರಡು ದಿನದ ಮೇಲೆ ವರದಿ ಬಂತು. ಅದೇ ಕಾಯಿಲೆ.

ಹದಿನೈದು ದಿನ ಅಲ್ಲಿ ಇಟ್ಟುಕೊಂಡಿದ್ದರು. ಒಮ್ಮೆ ವಸಡಿನಿಂದ ರಕ್ತ ಬಂತು. ಎರಡು ರಾತ್ರಿ ಅವರಿಗೆ ಹೆಂಡತಿಯ ಗುರುತೂ ಹತ್ತಲಿಲ್ಲ. ಜ್ವರ ಬಂದ ದಿನವೇ ಕರೆದುಕೊಂಡು ಬಂದದ್ದು ಒಳ್ಳೆಯದಾಯಿತು, ಮೂರು ದಿನ ಮನೆಯಲ್ಲಿ ಕಷಾಯ ಕುಡಿಯುತ್ತ ಮಲಗಿದ್ದರೆ ಮಾತು ಬೇರೆ ಇತ್ತು ಎಂದು ಡಾಕ್ಟರು ಪರಿಮಳಾಗೆ ಹೇಳಿದರು. ಮನೆಗೆ ಬಂದಾಗ ಹೆಗಡೆಯವರು ಒಂಬತ್ತು ಕೆ.ಜಿ. ಇಳಿದಿದ್ದರು. ಬಾಕಿ ಇದ್ದ ಬೈಗುಳವೆಲ್ಲ ಆಗ ಒಟ್ಟಿಗೇ ಬಂತು, ಅವರು ಅದನ್ನು ಕಣ್ಣು ಮುಚ್ಚಿ ಸಂಗೀತದಂತೆ ಕೇಳಿದರು. ಬೆಟ್ಟಕ್ಕೆ ಹೋಗಬೇಕಿದ್ದ ಐವರಲ್ಲಿ ಯಾರಿಗೂ ಏನೂ ಆಗಲಿಲ್ಲ. ಕೆರಿಯಪ್ಪನಿಗೂ ಆಗಲಿಲ್ಲ.

ಆದರೆ ಆಸ್ಪತ್ರೆಯ ಒಂಬತ್ತನೇ ದಿನದ ಒಂದು ಮಾತು ಹೇಳದೆ ಬಿಡುವಂತಿಲ್ಲ. ಆ ದಿನ ಬೆಳಿಗ್ಗೆ ಹೆಗಡೆಯವರಿಗೆ ನೆಟ್ಟಗೆ ಎಚ್ಚರ ಬಂದಿತ್ತು. ಕೆರಿಯಪ್ಪ ನೋಡಲು ಬಂದ. ಒಂದು ಸ್ಟೂಲಿನ ತುದಿಯಲ್ಲಿ ಕೂತು ಸ್ವಲ್ಪ ಹೊತ್ತು ಸಲೈನಿನ ಹನಿ ಎಣಿಸಿದ. ಹೆಗಡೆಯವರು ಅವನನ್ನೇ ನೋಡುತ್ತಿದ್ದರು. ಸಾಯುವ ಹೆದರಿಕೆ ಅವರ ಮುಖದಿಂದ ಆಗಲೇ ಹೋಗಿತ್ತು, ಇನ್ನೊಂದು ಹೆದರಿಕೆ ಹಾಗೇ ಇತ್ತು.

"ಕೆರಿಯಪ್ಪಾ, ಅವತ್ತು ಮೇಲೆ ಏನು ಮಾಡಿದ್ರು?"

"ಏನ್ ಮಾಡ್ತಾರೆ. ಅಗೆದು ತೆಗೆದ್ರು. ಏನೋ ಚೂರು ಬಾಟ್ಲಿಗೆ ಹಾಕ್ಕಂಡ್ರು."

"ಕೊಯ್ದ್ರಾ?"

"ಸ್ವಲ್ಪ ಕೊಯ್ದ್ರು." ಕೆರಿಯಪ್ಪ ಸುಳ್ಳು ಹೇಳುವವನಲ್ಲ. "ಆಮೇಲೆ ಕಟ್ಟಿಗೆ ಒಟ್ಟಿ ಸುಟ್ರು. ಸುತ್ತ ಬಿಳೀ ಪುಡಿ ಎರಚಿದ್ರು."

ಹೆಗಡೆಯವರ ಕೈ ಹೊದಿಕೆಯ ಅಂಚನ್ನು ಹಿಡಿದು ಬಿಡುತ್ತಿತ್ತು.

"ಸುಡೋವಾಗ ಒಬ್ಬರಾದ್ರೂ ಕೈ ಮುಗಿದ್ರೇನೋ?"

"ಮುಗಿದ್ರಪ್ಪ. ಅದೇ ಕೊಯ್ದ ಡಾಕ್ಟ್ರೇ. ಮುಖಕ್ಕೆ ಮುಸುಕು, ಕೈಗೆ ರಬ್ಬರು ಚೀಲ. ಆ ಚೀಲದ ಕೈಯಲ್ಲೇ ಮುಗಿದ್ರು. ಪಂಚೇನೂ ಬಿಚ್ಚಿ ಎಸೀಲಿಲ್ಲ ಹೆಗಡೇರೆ, ಸುತ್ತಿದ್ದು ಸುತ್ತಿದ ಹಾಂಗೇ ಬೆಂಕಿಗೆ ಇಟ್ರು."

"ಎಷ್ಟು ದೂರ ನಿಂತು ಮುಗಿದ್ರು?"

"ಒಂದು ಹತ್ತು ಮಾರು ಇರಬಹುದು."

"ಅಷ್ಟು ದೂರಕ್ಕೂ ಸಲ್ತದೆ," ಎಂದರು ಹೆಗಡೆಯವರು. ಮಗ್ಗುಲಾದರು. ಕೆರಿಯಪ್ಪ ತಂದಿದ್ದ ಕಿತ್ತಳೆಯ ಸಿಪ್ಪೆ ಸುಲಿದು ಮುಗಿಸುವಷ್ಟರಲ್ಲಿ, ಅವರ ಗೊರಕೆ ಪಕ್ಕದ ಮಂಚದವನನ್ನು ಎಬ್ಬಿಸಿತ್ತು.